ಒಂದು ಮೊಳ ಎಡಕ್ಕೆ

ನನ್ನ ನೌಕರಿಯ ಕಿತಾಬಿನ ಏಳನೆಯ ಪುಟದಲ್ಲಿ ಒಂದು ಸಾಲು ಇತ್ತು. ಉರ್ದುವಿನಲ್ಲಿ, ನೀಲಿ ಶಾಯಿಯಲ್ಲಿ ಬರೆದದ್ದು. ‘ನಿಶಾನೆಯ ದಿನ ಸೇಂದಿ ಕುಡಿದು ಹಾಜರಾಗಿದ್ದಾನೆ, ಕೈ ನಡುಗುತ್ತದೆ’ ಎಂಬುದು ಅದರ ಅರ್ಥ. ಕೆಳಗೆ ಜಮಾದಾರನ ರುಜು. ಆ ಸಾಲಿನಲ್ಲಿ ದಿನಾಂಕವೊಂದನ್ನು ಬಿಟ್ಟರೆ ನಿಜವಾದದ್ದು ಏನೂ ಇರಲಿಲ್ಲ. ದಿನಾಂಕವೂ ಒಂದು ದಿನ ತಪ್ಪಿತ್ತೆಂದು ನನ್ನ ನೆನಪು. ಆದರೆ ಅದನ್ನು ಸಾಧಿಸುವ ಆಧಾರ ನನ್ನಲ್ಲಿ ಇಲ್ಲದಿರುವುದರಿಂದ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಹೊರಗೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ನಾನು ದೇವದುರ್ಗದಲ್ಲಿ ಖಜಾನೆಗೆ ಬಂದೂಕು ಹಿಡಿದು ಪಹರೆ ನಿಲ್ಲುವವರಲ್ಲಿ ಒಬ್ಬನಾಗಿದ್ದೆ. ವರ್ಷಕ್ಕೊಮ್ಮೆ, ಆಷಾಢದಲ್ಲಿ, ದೇವದುರ್ಗ, ಮಾನ್ವಿ ಮೊದಲಾದ ಕಡೆಯ ಪಹರೆಯವರೆಲ್ಲ ರಾಯಚೂರಿಗೆ ಹೋಗಿ ಚಾಂದಮಾರಿಯಲ್ಲಿ ಗುಂಡು ಹೊಡೆದು ತೋರಿಸಬೇಕಾಗಿತ್ತು. ಊರ ಹೊರಗೆ ಎರಡು ಕಲ್ಲುಗುಡ್ಡಗಳ ಬುಡದಲ್ಲಿ ಉದ್ದನೆಯ ಎರೆಹೊಲವಿತ್ತು. ಹಿಂಗಾರಿ ಜೋಳ ಬಿತ್ತುವವರೆಗೆ ಅದು ಖಾಲಿ ಇರುತ್ತಿದ್ದುದರಿಂದ ಅದನ್ನೇ ಚಾಂದಮಾರಿಗೆ ಬಳಸುತ್ತಿದ್ದರು. ಮುನ್ನೂರು ಗಜದ ಆಚೆ, ಗುಡ್ಡದ ಮರೆಯಲ್ಲಿ, ಆಳೆತ್ತರಕ್ಕೂ ಮಿಗಿಲಾದ ಒಂದು ಗುಂಡಿ. ಆ ಗುಂಡಿಯ ಮೇಲಕ್ಕೆ ಕಾಣುವಂತೆ ಮರದ ಚೌಕಟ್ಟಿಗೆ ಬಿಗಿದ ಕಾಗದದ ಹಾಳೆ. ಹಾಳೆಯ ನಡುವೆ ಊಟದ ತಟ್ಟೆಯಷ್ಟು ಅಗಲದ ಕಪ್ಪು, ಅದರ ಸುತ್ತ ಒಂದು ಗೆರೆ. ಹತ್ತು ಗುಂಡುಗಳಲ್ಲಿ ಆರಾದರೂ ಆ ಗೆರೆಯ ಒಳಗೆ ಬೀಳಬೇಕು. ಮೂರು ವರ್ಷ ಸತತವಾಗಿ ತಪ್ಪಿದವನಿಂದ ಬಂದೂಕನ್ನೂ ಪಟ್ಟಿಯನ್ನೂ ಮರಳಿ ಪಡೆದು ಮನೆಗೆ ಕಳುಹಿಸುತ್ತಿದ್ದರು.

ನಾನು ಎರಡು ವರ್ಷ ತಪ್ಪಿದ್ದೆ.

ಹೇಗೆ ತಪ್ಪಿದೆನೆಂಬುದನ್ನು ಹೇಳಲೇಬೇಕು, ಏಕೆಂದರೆ ಅಂದು ಯಾರೂ ಕೇಳಲಿಲ್ಲ. ಎರಡನೆಯ ವರ್ಷ ನನ್ನ ಹತ್ತು ಗುಂಡುಗಳಲ್ಲಿ ಎಂಟು, ಹಾಳೆಯ ಬಲಭಾಗದಲ್ಲಿ, ಅಂಗೈಯಿಂದ ಮುಚ್ಚಬಹುದಾದಷ್ಟೇ ಜಾಗದಲ್ಲಿ ಒಂದರ ಮಗ್ಗುಲಿಗೆ ಒಂದು ಬಿದ್ದಿದ್ದವು. ಕೈ ನಡುಗುವವನ ಗುಂಡುಗಳು ಚೆದುರುತ್ತವೆ, ಹೀಗೆ ಒಂದೇ ಕಡೆ ಒಟ್ಟಾಗಿ ಬೀಳುವುದಿಲ್ಲ. ಇದನ್ನು ನಾನು ಜಮಾದಾರನಿಗೆ ವಿನಯದಿಂದಲೇ ಹೇಳಿದೆ.

“ಹವಾ ಎಳಕೊಂಡು ಹೋಗ್ಯಾದ್ರಿ ಜಮಾದಾರ ಸಾಬ್,” ಎಂದೆ.

ಅವನು ಗುಂಡಿಯ ಪಕ್ಕದಲ್ಲಿ ನೆಟ್ಟಿದ್ದ ಕೆಂಪು ಬಾವುಟದ ಕಡೆ ಕೈ ತೋರಿಸಿದ. ಬಾವುಟ ಕೋಲಿಗೆ ಅಂಟಿಕೊಂಡು ನೇತಾಡುತ್ತಿತ್ತು.

“ಬಾವುಟ ಮಕ್ಕೊಂಡಾದ. ಹವಾ ನಿನ್ನ ತಲ್ಯಾಗ ಬೀಸಾಕತ್ತಾದ ನೋಡು. ಬೆಳಿಗ್ಗಿ ಎಷ್ಟು ಕುಡದಿಯಲೇ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಹನ್ನೊಂದು ಜನ. ಮುಖಗಳು ಇಂದಿಗೂ ನೆನಪಿವೆ.

ಬೇರೆ ಯಾವ ಮಾತನ್ನಾಡಿದ್ದರೂ ನಾನು ಇಷ್ಟು ನೋಯುತ್ತಿರಲಿಲ್ಲ. ನನ್ನ ಅಪ್ಪ ಸೇಂದಿಯಿಂದಲೇ ಸತ್ತವನು. ಈಚಲುಬನದ ದಾರಿಯಲ್ಲಿ ಅವನನ್ನು ಹೊತ್ತು ತಂದ ದಿನ ಅವ್ವ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು ಆಣೆ ಹಾಕಿಸಿದ್ದಳು. ಆ ಆಣೆಯನ್ನು ನಾನು ಒಂದು ಗುಟುಕಿನಷ್ಟೂ ಮುರಿದಿರಲಿಲ್ಲ. ಆದರೆ ಕಿತಾಬಿನ ಸಾಲು ನನಗಿಂತ ಮೊದಲೇ ದೇವದುರ್ಗ ಮುಟ್ಟಿತು. ಆ ವರ್ಷ ಮನೆಯ ಹೊಸ್ತಿಲಲ್ಲಿ ಅವ್ವ ಚೀಲ ತೆಗೆದುಕೊಳ್ಳುವ ನೆಪದಲ್ಲಿ ತೀರ ಹತ್ತಿರ ಬಂದು, ಮುಖವನ್ನು ನನ್ನ ಬಾಯಿಯ ಬಳಿಗೆ ತಂದು, ಒಂದು ಉಸಿರು ಎಳೆದುಕೊಂಡಳು.

“ಏನು ಮೂಸಿ ನೋಡಾಕತ್ತಿಯವ್ವಾ?”

“ಏನಿಲ್ಲಪ್ಪಾ. ನೆಗಡಿ ಆಗ್ಯಾದ,” ಎಂದು ಒಳಗೆ ಹೋದಳು.

ಆಕೆಗೆ ನೆಗಡಿ ಆಗಿರಲಿಲ್ಲ. ಮುಂದಿನ ಒಂದು ವರ್ಷ, ನಾನು ಪಹರೆ ಮುಗಿಸಿ ಮನೆಗೆ ಬಂದಾಗಲೆಲ್ಲ, ಆ ನೆಗಡಿ ಮರುಕಳಿಸುತ್ತಿತ್ತು.

ಜಮಾದಾರನ ಮೇಲಿನಷ್ಟೇ ಸಿಟ್ಟು ನನಗೆ ಇನ್ನೊಬ್ಬನ ಮೇಲೂ ಇತ್ತು. ಅವನು ಮಾನ್ವಿ ಖಜಾನೆಯ ಪಹರೆಯವನು, ನೀರಮಾನ್ವಿಯ ಕಡೆಯ ಕೂಲಿಯವರ ಮನೆಯವನು, ನನಗಿಂತ ಹತ್ತು ವರ್ಷ ಹಿರಿಯ. ಚಾಂದಮಾರಿಯ ದಿನಗಳಲ್ಲಿ ಗುಂಡಿಯೊಳಗೆ ಕುಳಿತು, ಪ್ರತಿಯೊಂದು ಗುಂಡು ಎಲ್ಲಿ ಬಿತ್ತೆಂದು ಉದ್ದನೆಯ ಕೋಲಿನಿಂದ ತೋರಿಸುವುದೂ, ಆಮೇಲೆ ಆ ತೂತಿಗೆ ಕಾಗದದ ತುಂಡು ಅಂಟಿಸುವುದೂ ಅವನ ಕೆಲಸ. ಅವನು ಬೇಕೆಂದೇ ನನ್ನ ಗುಂಡುಗಳನ್ನು ಬಲಕ್ಕೆ ತೋರಿಸುತ್ತಾನೆಂದು ನಾನು ನಂಬಿದ್ದೆ. ಕಾರಣವೂ ಇತ್ತು: ಮಾನ್ವಿಯಲ್ಲಿ ಒಮ್ಮೆ ನನ್ನ ಕಾಲಿಗೆ ಸುತ್ತಿದ ಪಟ್ಟಿ ಬಿಚ್ಚಿಕೊಂಡು ಸಂತೆಯ ನಡುವೆ ಹಿಂದೆ ನೆಲಕ್ಕೆ ಜೋಲುತ್ತಿದ್ದಾಗ, ಅದನ್ನು ಮೊದಲು ನೋಡಿ ನಕ್ಕವನು ಅವನು. ಅಂದಿನಿಂದ ಅವನ ಕೈಯ ಎಲೆಅಡಿಕೆಯನ್ನು ನಾನು ಮುಟ್ಟಿರಲಿಲ್ಲ. ಕೊಡುವುದನ್ನು ಅವನು ಮಾತ್ರ ಬಿಟ್ಟಿರಲಿಲ್ಲ; ಅದೂ ನನ್ನನ್ನು ಕೆಣಕಲೆಂದೇ ಎಂದು ತಿಳಿದಿದ್ದೆ.

ಮೂರನೆಯ ವರ್ಷ ರಾಯಚೂರಿಗೆ ಹೋದವನೇ ಜಮಾದಾರನ ಮುಂದೆ ನಿಂತು, ಈ ಸಲ ನನಗೆ ಬೆಳಗಿನ ಮೊದಲ ಪಾಳಿ ಕೊಡಬೇಕೆಂದು ಕೇಳಿದೆ. ಯಾರು ಯಾವಾಗ ಹೊಡೆಯಬೇಕೆಂಬುದು ಅವನ ಕೈಯಲ್ಲಿತ್ತು. ಅವನಿಗೆ ಬೇಕಾದವರು ಸೂರ್ಯ ಮೂಡುವ ಹೊತ್ತಿಗೇ ಹೊಡೆದು, ನಾಷ್ಟಾ ಮಾಡಿ, ನೆರಳಿನಲ್ಲಿ ಕಾಲು ಚಾಚಿರುತ್ತಿದ್ದರು. ದೇವದುರ್ಗದವರ ಪಾಳಿ ಯಾವಾಗಲೂ ಹತ್ತು ಗಂಟೆಯ ನಂತರ.

“ಮೊದಲ್ನೇ ಪಾಳಿ ಬೇಕಂತ ನವಾಬನಿಗೆ,” ಎಂದ ಜಮಾದಾರ. “ಮೂರು ದಿನದ ಚಾಂದಮಾರಿ ಅದ. ಮೊದಲಿನ ಎರಡು ದಿನ ಗುಂಡ್ಯಾಗ ಕುಂತು ಹಿಟ್ಟು ಕಲಸು. ಮೂರನೇ ದಿನ ಕಡೀ ಪಾಳ್ಯಾಗ ಹೊಡಿಯೋವಂತಿ.”

ಹೀಗೆ ನಾನು ನನ್ನ ವೈರಿಯ ಪಕ್ಕದಲ್ಲಿ ಎರಡು ದಿನ ಕುಳಿತುಕೊಳ್ಳುವಂತಾಯಿತು.

ಗುಂಡಿಯೊಳಗೆ ಅವನು ಒಂದು ಡಬ್ಬಿಯಲ್ಲಿ ಜೋಳದ ಹಿಟ್ಟನ್ನು ಬೇಯಿಸಿದ ಅಂಟು, ಇನ್ನೊಂದರಲ್ಲಿ ಬೆರಳಗಲದ ಕಾಗದದ ತುಂಡುಗಳನ್ನು ಇಟ್ಟುಕೊಂಡಿದ್ದ. ನಾನು ಬೆನ್ನು ತಿರುಗಿಸಿ ಕುಳಿತೆ. ಅವನು ಎಲೆಅಡಿಕೆಯ ಚೀಲ ಚಾಚಿದ. ನಾನು ನೋಡಲಿಲ್ಲ.

“ಬ್ಯಾಡಾದ್ರ ಬಿಡು ತಮ್ಮಾ. ಕಾಗದಾ ಆದ್ರೂ ಹಿಡಿ,” ಎಂದ.

ಮೊದಲ ಪಾಳಿ ಶುರುವಾಯಿತು. ತಲೆಯ ಮೇಲೆ ಗುಂಡುಗಳು ಚಟೀರೆಂದು ಹಾಳೆಯನ್ನು ತೂರಿ ಗುಡ್ಡಕ್ಕೆ ಬಡಿಯುತ್ತಿದ್ದವು. ಹಾಳೆಯನ್ನು ಕೆಳಕ್ಕೆ ಇಳಿಸಿ ನೋಡಿದರೆ ತೂತುಗಳು ಕಪ್ಪಿನೊಳಗೆ, ಅದರ ಆಸುಪಾಸಿನಲ್ಲಿ. ಅವನು ಕೋಲಿನಿಂದ ತೋರಿಸಿದ್ದು ಎಲ್ಲಿಯೋ ತೂತೂ ಅಲ್ಲಿಯೇ. ನಾನು ಒಂದೊಂದನ್ನೂ ತಾಳೆ ನೋಡಿದೆ. ತಪ್ಪು ಹಿಡಿಯಲೆಂದೇ ನೋಡಿದೆ. ಒಂದೂ ಸಿಗಲಿಲ್ಲ.

ಎಂಟು ಗಂಟೆಯ ಸುಮಾರಿಗೆ ಬಿಳಿ ಕಾಗದ ಮುಗಿಯುತ್ತ ಬಂತು. ಯುದ್ಧದ ಕಾಲ, ಕಾಗದಕ್ಕೆ ಬರ. ಅವನು ಉಳಿದಿದ್ದ ಒಂದಷ್ಟನ್ನು ಅಂಗಿಯ ಜೇಬಿಗೆ ಸೇರಿಸಿ, ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕಟ್ಟುವ ಕಂದು ಕಾಗದವನ್ನು ಹರಿಯತೊಡಗಿದ. ಅಲ್ಲಿಂದ ಮುಂದೆ ಬಿದ್ದ ತೂತುಗಳಿಗೆಲ್ಲ ಕಂದು ತುಂಡುಗಳು.

ಮಧ್ಯಾಹ್ನ ಸೀಟಿ ಊದಿದಾಗ ಹಾಳೆ ಇಳಿಸಿದೆವು. ನಾನು ಅದರ ಮುಂದೆ ಬಹಳ ಹೊತ್ತು ನಿಂತೆ. ಬಿಳಿ ತುಂಡುಗಳೆಲ್ಲ ನಡುವೆ. ಕಂದು ತುಂಡುಗಳೆಲ್ಲ ಬಲಕ್ಕೆ. ಯಾರೋ ಬೇಕೆಂದೇ ಎರಡು ಬಣ್ಣಗಳನ್ನು ಬೇರೆಬೇರೆ ಗುಪ್ಪೆ ಮಾಡಿದಂತೆ.

“ಎಂಟರ ನಂತರ ಹೊಡದವರೆಲ್ಲಾ ಬಲಕ್ಕೇ ಹೋಗ್ಯಾರಲ್ಲ,” ಎಂದೆ. ಎರಡು ವರ್ಷಗಳಲ್ಲಿ ಅವನೊಂದಿಗೆ ಆಡಿದ ಮೊದಲ ಮಾತು ಅದು.

“ಪ್ರತಿ ವರ್ಷಾ ಹೋಗ್ತಾರ,” ಎಂದ ಅವನು, ಡಬ್ಬಿ ತೊಳೆಯುತ್ತ. “ನೀ ಒಬ್ಬಾವನೇ ಅಲ್ಲ. ನೀ ಅಷ್ಟು ಸಿಟ್ಟು ಮಾಡ್ಕೊಂಡಿ, ಅವರು ಮಾಡ್ಕೊಳ್ಳಲಿಲ್ಲ. ಅಷ್ಟೇ ಫರಕು.”

“ಬಾವುಟ ಮಕ್ಕೊಂಡಿರ್ತದಲ್ಲ ಮತ್ತ?”

“ಬಾವುಟ ಗುಡ್ಡದ ಮರ್ಯಾಗ ಅದ. ಮಕ್ಕೊಳ್ದೆ ಏನು ಮಾಡ್ತದ? ಮ್ಯಾಲೆ ಹತ್ತಿ ನಡುವಿನ ಬದುವಿನ ಮ್ಯಾಲಿನ ಹುಲ್ಲು ನೋಡು.”

ಹತ್ತಿ ನೋಡಿದೆ. ಗುಂಡು ಹೊಡೆಯುವ ಜಾಗಕ್ಕೂ ನಿಶಾನೆಗೂ ನಡುವೆ ಹೊಲವನ್ನು ಅಡ್ಡಲಾಗಿ ಸೀಳುವ ಒಂದು ಬದು. ಎರಡು ಗುಡ್ಡಗಳ ಸಂದಿನಿಂದ ನುಗ್ಗಿದ ಪಡುವಣ ಗಾಳಿ ನೇರವಾಗಿ ಆ ಬದುವಿನ ಮೇಲೆ ಹಾಯುತ್ತಿತ್ತು. ಹುಲ್ಲು ನೆಲಕ್ಕೆ ಬಾಗಿ ತನ್ನ ಬಿಳಿಚಿದ ಹೊಟ್ಟೆಯನ್ನು ತೋರಿಸುತ್ತಿತ್ತು. ಎರಡು ವರ್ಷ ಅದೇ ಹುಲ್ಲಿನ ಮೇಲಿನಿಂದ ದೃಷ್ಟಿ ಹಾಯಿಸಿ ನಾನು ಬಾವುಟವನ್ನೇ ನೋಡಿದ್ದೆ. ಜಮಾದಾರ ಅದನ್ನೇ ನೋಡೆಂದು ಹೇಳಿದ್ದ, ಅದಕ್ಕೆ.

ಮರುದಿನವೆಲ್ಲ ನನ್ನದು ಅಳೆಯುವ ಕೆಲಸ. ಪಾಳಿ ಬದಲಾಗುವ ಸೀಟಿ ಕೇಳಿದಾಗಲೆಲ್ಲ ಮೇಲೆ ಬಂದು ಹುಲ್ಲು ನೋಡುವುದು, ಕೆಳಗೆ ಇಳಿದು ಆ ಪಾಳಿಯ ತೂತುಗಳು ಕಪ್ಪಿನ ನಡುವಿನಿಂದ ಎಷ್ಟು ದೂರವೆಂದು ಗೇಣು ಹಾಕುವುದು. ಹುಲ್ಲು ಅರ್ಧ ಬಾಗಿದ್ದರೆ ಒಂದು ಗೇಣು. ಪೂರ್ತಿ ಮಲಗಿ ಹೊಟ್ಟೆ ತೋರಿಸಿದರೆ ಎರಡು ಗೇಣು, ಅಂದರೆ ಒಂದು ಮೊಳ. ನಮ್ಮ ಬಂದೂಕಿನ ಗುರಿ ನೋಡುವ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಬಹುದಿತ್ತು, ಪಕ್ಕಕ್ಕೆ ಸರಿಸುವಂತಿರಲಿಲ್ಲ. ಆದ್ದರಿಂದ ದಾರಿ ಒಂದೇ: ಗಾಳಿ ಒಂದು ಮೊಳ ಬಲಕ್ಕೆ ತಳ್ಳುವುದಾದರೆ, ನಾನು ಒಂದು ಮೊಳ ಎಡಕ್ಕೆ, ಕಪ್ಪನ್ನು ಬಿಟ್ಟು, ಖಾಲಿ ಕಾಗದಕ್ಕೆ ಗುರಿ ಹಿಡಿಯಬೇಕು. ಇದು ಜಮಾದಾರನ ಮೊದಲನೆಯ ಹುಕುಮಿಗೇ ವಿರುದ್ಧ. ಕಪ್ಪಿನಿಂದ ಕಣ್ಣು ಕದಲಿಸಿದವನ ಬೆನ್ನಿಗೆ ಅವನ ಬೆತ್ತ ಬೀಳುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ, ವರ್ಷಕ್ಕೊಮ್ಮೆ ತನಿಖೆಗೆ ಬರುವ ವೃದ್ಧ ಸಾಹೇಬರು ಬಂದರು. ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡುತ್ತ ಬಂದವರು ನಮ್ಮ ಮೊದಲ ದಿನದ ಹಾಳೆಯ ಮುಂದೆ ನಿಂತು, ಕನ್ನಡಕ ಒರೆಸಿಕೊಂಡರು.

“ಇದೇನು, ಎರಡು ರಂಗು?”

ನಾನು ಮುಂದೆ ಬಂದು ಹೇಳಿದೆ: “ಬಿಳಿದು ಎಂಟರ ಒಳಗಿನದ್ರಿ ಸಾಹೇಬ್ರ. ಕಂದು ಎಂಟರ ಮ್ಯಾಲಿನದು. ಬೆಳಿಗ್ಗಿ ಹೊಡದವರು ಪಾಸಾಗ್ತಾರ್ರಿ. ಹೊತ್ತೇರಿದ ಮ್ಯಾಲೆ ಹೊಡದವರು ಕುಡುಕರಾಗ್ತಾರ್ರಿ.”

ಜಮಾದಾರನ ಮುಖ ಕೆಂಪಾಯಿತು. “ಸಾಹೇಬ್ರ, ಇವನು ಎರಡು ವರ್ಷ ಫೇಲಾದಾವ. ಹವಾ ಹವಾ ಅಂತ ಬಹಾನಾ ಹೇಳ್ತಾನ. ಬಾವುಟ ನೋಡ್ರಿ, ಎಲ್ಲದ ಹವಾ?”

ಸಾಹೇಬರು ಬಾವುಟವನ್ನು ನೋಡಿದರು. ಹಾಳೆಯನ್ನು ನೋಡಿದರು. ಆಮೇಲೆ ತಮ್ಮ ಬೆಂಕಿಪೊಟ್ಟಣವನ್ನು ಜಮಾದಾರನ ಕೈಗೆ ಕೊಟ್ಟರು.

“ಜಮಾದಾರ, ಬೀಡಿ ಅದ ಏನು? ಹೋಗು, ಆ ನಡುವಿನ ಬದುವಿನ ಮ್ಯಾಲೆ ನಿಂತು ಒಂದು ಬೀಡಿ ಹಚ್ಚಿಕೊಂಡು ಬಾ.”

ಜಮಾದಾರ ನೂರೈವತ್ತು ಗಜ ನಡೆದು ಬದುವಿನ ಮೇಲೆ ನಿಂತ. ಮೊದಲ ಕಡ್ಡಿ ಗೀರಿದ, ಆರಿತು. ಎರಡನೆಯದು ಆರಿತು. ಮೂರನೆಯದಕ್ಕೆ ಬೆನ್ನು ತಿರುಗಿಸಿ ಬಾಗಿ ನಿಂತ, ರುಮಾಲಿನ ತುದಿ ಬಿಚ್ಚಿ ಮುಖಕ್ಕೆ ಬಡಿಯತೊಡಗಿತು. ಒಟ್ಟು ಆರು ಕಡ್ಡಿ, ನಾನು ಎಣಿಸಿದ್ದೇನೆ. ಕಡ್ಡಿಗಳೂ ಸುಲಭವಾಗಿ ಸಿಗದ ಕಾಲ ಅದು. ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಅವನು ಮರಳಿ ಬಂದ. ನನ್ನ ಪಕ್ಕದಲ್ಲಿದ್ದ ಮಾನ್ವಿಯವನು ಅಂಟಿನ ಡಬ್ಬಿಯೊಳಗೆ ಮುಖ ಹಾಕಿಕೊಂಡು ನಗುತ್ತಿದ್ದ. ಈ ಸಲದ ಅವನ ನಗು ನನಗೆ ಕೆಟ್ಟದೆನಿಸಲಿಲ್ಲ.

“ನಾಳೆ ಈ ಜವಾನನಿಗೆ ಮೊದಲ ಪಾಳಿ ಕೊಡು,” ಎಂದರು ಸಾಹೇಬರು.

ಆಗ ನಾನು ಮಾಡಿದ್ದನ್ನು ಕುರಿತು ಮಾನ್ವಿಯವನು ಸಾಯುವವರೆಗೂ ನನ್ನನ್ನು ಬೈಯುತ್ತಿದ್ದ. “ಬ್ಯಾಡ್ರಿ ಸಾಹೇಬ್ರ,” ಎಂದೆ. “ಮೊದಲ ಪಾಳ್ಯಾಗ ಹೊಡದ್ರ, ಮೆಹರಬಾನಿ ಮ್ಯಾಲೆ ಪಾಸಾದ ಅಂತಾರ. ನನಗ ಹತ್ತರ ಪಾಳೀನೇ ಇರಲಿ. ಎಡಕ್ಕ ಗುರಿ ಹಿಡ್ಯಾಕ ಹುಕುಂ ಕೊಡ್ರಿ, ಸಾಕು. ಪಾಸಾದ್ರ ಕಿತಾಬಿನ್ಯಾಗಿನ ಸಾಲು ಹೊಡದು ಹಾಕಬೇಕ್ರಿ.”

ಸಾಹೇಬರು ನನ್ನನ್ನು ಒಂದು ಕ್ಷಣ ನೋಡಿ ತಲೆಯಾಡಿಸಿದರು. “ಫೇಲಾದ್ರ?”

“ಬಂದೂಕು ಕೊಟ್ಟು ಹೋಗ್ತೀನ್ರಿ.”

“ನಿನಗ ತಲಿ ಅದ ಏನು?” ಎಂದ ಮಾನ್ವಿಯವನು, ಅವರು ಅತ್ತ ಹೋದ ಮೇಲೆ. “ಕೈಯಾಗ ಕೊಟ್ಟ ರೊಟ್ಟಿ ನಾಯಿಗೆ ಒಗದಂಗ ಒಗದಿಯಲ್ಲ. ಸುಮ್ನ ಬೆಳಿಗ್ಗಿ ಹೊಡದು, ನಿಮ್ಮವ್ವನ ಮುಂದ ಹೋಗಿ ನಿಂದ್ರಬೇಕಿತ್ತು.”

ಅವನು ಹೇಳಿದ್ದು ಸರಿಯಾಗಿತ್ತೆಂದು ರಾತ್ರಿಯೆಲ್ಲ ಅನ್ನಿಸಿತು. ಬೆಳಿಗ್ಗೆ ಗಾಳಿಯೇ ಇಲ್ಲದೆ, ಜಮಾದಾರನಿಗೆ ಬೇಕಾದವರೆಲ್ಲ ಹೊಡೆದು ಪಾಸಾಗುವುದನ್ನು ನೋಡುತ್ತ ಕುಳಿತಾಗ, ಇನ್ನೂ ಹೆಚ್ಚು ಅನ್ನಿಸಿತು.

ಹತ್ತೂವರೆಗೆ ನನ್ನ ಪಾಳಿ. ಹೊಟ್ಟೆಯ ಮೇಲೆ ಮಲಗಿ, ಬಂದೂಕನ್ನು ಭುಜಕ್ಕೆ ಒತ್ತಿಕೊಂಡೆ. ಸಾಹೇಬರು ಹಿಂದೆ ಕುರ್ಚಿಯಲ್ಲಿ. ಜಮಾದಾರ ನನ್ನ ಕಾಲಿನ ಬಳಿ. ಹುಲ್ಲು ಹೊಟ್ಟೆ ತೋರಿಸುತ್ತಿತ್ತು. ಹಾಳೆಯ ಎಡ ಅಂಚಿನಿಂದ ಎಂಟು ಬೆರಳು ಒಳಗೆ ಗುರಿ ಹಿಡಿದೆ; ಅಲ್ಲಿಂದ ಕಪ್ಪಿನ ನಡುವಿಗೆ ಸರಿಯಾಗಿ ಒಂದು ಮೊಳ. ಏನೂ ಇಲ್ಲದ ಜಾಗಕ್ಕೆ ಗುರಿಯಿಡುವುದು ಎಷ್ಟು ಕಷ್ಟವೆಂಬುದನ್ನು ಹೊಡೆದವನೇ ಬಲ್ಲ. ಕಣ್ಣು ತಾನಾಗಿ ಕಪ್ಪಿನ ಕಡೆ ಜಾರುತ್ತದೆ. ಅದನ್ನು ಎಳೆದು ತರುವಷ್ಟರಲ್ಲಿ ನಾನು ಹುಲ್ಲನ್ನು ಮರೆತೆ, ಬಂದೂಕಿನ ಕುದುರೆ ಎಳೆದೆ.

ಗುಂಡಿಯಿಂದ ಕೋಲು ಮೇಲೆದ್ದು ಹಾಳೆಯ ಎಡ ತುದಿಯನ್ನು ಮುಟ್ಟಿತು. ನಾನು ಗುರಿ ಇಟ್ಟಲ್ಲಿಯೇ ಬಿದ್ದಿತ್ತು. ಬದುವಿನ ಕಡೆ ನೋಡಿದೆ: ಹುಲ್ಲು ನೆಟ್ಟಗೆ ನಿಂತಿತ್ತು. ಗಾಳಿ ಸರಿಯಾಗಿ ಅದೇ ಕ್ಷಣಕ್ಕೆ ಉಸಿರು ಹಿಡಿದಿತ್ತು.

“ಈಗ ಎಡಕ್ಕ ಕುಡದಾನ,” ಎಂದ ಜಮಾದಾರ. ಈ ಸಲ ನಕ್ಕವರು ಇಬ್ಬರೇ.

ಆಗ ನನಗೆ ತಿಳಿಯಿತು: ಗಾಳಿಯನ್ನು ಅಳೆದರೆ ಸಾಲದು, ಅಳೆದ ಗಾಳಿಯೇ ಮರಳಿ ಬರುವವರೆಗೆ ಕಾಯಬೇಕು. ಒಂದೊಂದು ಗುಂಡಿಗೂ ಬೇರೆಬೇರೆ ಲೆಕ್ಕ ಹಾಕುವ ಬದಲು, ಹತ್ತಕ್ಕೂ ಒಂದೇ ಲೆಕ್ಕ ಇಟ್ಟುಕೊಂಡು, ಆ ಲೆಕ್ಕಕ್ಕೆ ಗಾಳಿ ಒಪ್ಪಿದಾಗ ಮಾತ್ರ ಹೊಡೆಯಬೇಕು. ನಾನು ಬೆರಳನ್ನು ಕುದುರೆಯಿಂದ ತೆಗೆದೆ.

“ಹೊಡಿಯಲೇ. ನಿದ್ದಿ ಬಂತೇನು?”

ಹುಲ್ಲು ಅರ್ಧ ಬಾಗಿತು, ಕಾದೆ. ಮತ್ತೆ ಎದ್ದಿತು, ಕಾದೆ. ಜಮಾದಾರನ ಬೆತ್ತ ನನ್ನ ಬೂಟಿನ ಹಿಮ್ಮಡಿಯನ್ನು ತಟ್ಟಿತು. “ಜಮಾದಾರ,” ಎಂದರು ಹಿಂದಿನಿಂದ ಸಾಹೇಬರು, ಅಷ್ಟೇ. ಬೆತ್ತ ನಿಂತಿತು. ಹುಲ್ಲು ಪೂರ್ತಿ ಮಲಗಿ ಹೊಟ್ಟೆ ತೋರಿಸಿತು. ಹೊಡೆದೆ.

ಕೋಲು ಮೇಲೆದ್ದು ಕಪ್ಪಿನ ಮೇಲೆ ನಿಂತಿತು.

ಉಳಿದ ಎಂಟನ್ನೂ ಹಾಗೆಯೇ ಕಾದು ಕಾದು ಹೊಡೆದೆ. ಒಂದು ಗೆರೆಯ ಹೊರಗೆ ಹೋಯಿತು; ಅದು ಗಾಳಿಯ ತಪ್ಪಲ್ಲ, ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಎಂಟು ಗೆರೆಯ ಒಳಗೆ, ಅವುಗಳಲ್ಲಿ ಐದು ಕಪ್ಪಿನಲ್ಲಿ. ಕೊನೆಯ ಗುಂಡಿನ ನಂತರ ತೋಳು ಎತ್ತಲಾಗದೆ, ಕೆನ್ನೆಯನ್ನು ಎರೆಮಣ್ಣಿಗೆ ಒತ್ತಿಕೊಂಡು ಹಾಗೆಯೇ ಮಲಗಿದ್ದೆ. ಒಂದು ವರ್ಷದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಉಸಿರು ಅಂದು ನೆಲಕ್ಕೆ ಇಳಿಯಿತು.

ಸಾಹೇಬರು ಕಿತಾಬು ತರಿಸಿ ಏಳನೆಯ ಪುಟ ತೆಗೆದು, ಆ ಸಾಲಿನ ಮೇಲೆ ಗೆರೆ ಎಳೆದು ರುಜು ಹಾಕಿದರು. ಒಂದೇ ಗೆರೆ ಎಳೆದರು. ಎರಡು ಎಳೆದಿದ್ದರೆ ಅಕ್ಷರಗಳು ಪೂರ್ತಿ ಮುಚ್ಚುತ್ತಿದ್ದವು, ಆದರೂ ಇರಲಿ.

ಗುಂಡಿಗೆ ಓಡಿದೆ. ಮಾನ್ವಿಯವನು ಹಾಳೆಗೆ ತುಂಡುಗಳನ್ನು ಅಂಟಿಸಿ ಮುಗಿಸಿದ್ದ. ಕಂದು ತುಂಡುಗಳಿಂದ ತುಂಬಿದ ಆ ಹಾಳೆಯಲ್ಲಿ ನನ್ನ ಹತ್ತು ಮಾತ್ರ ಬಿಳಿಯವು.

“ಬಿಳಿ ಕಾಗದ ಮುಗದಿತ್ತಲ್ಲ ಕಾಕಾ?”

“ಹತ್ತು ತೆಗೆದಿಟ್ಟಿದ್ದೆ. ನಿಂದು ಯಾವುದು, ಬ್ಯಾರೇರದು ಯಾವುದು ಅಂತ ನಾಳೆ ಮತ್ತ ಜಗಳಾ ಬ್ಯಾಡ ಅಂತ,” ಎಂದು ಎಲೆಅಡಿಕೆಯ ಚೀಲ ಚಾಚಿದ. “ಈಗಾದ್ರೂ ತಗೊಂತೀಯೋ, ಇನ್ನೆರಡು ವರ್ಷ ಬೇಕೋ?”

ತೆಗೆದುಕೊಂಡೆ. ಎರಡು ವರ್ಷ ಒಬ್ಬ ನಿರಪರಾಧಿಯ ಮೇಲೆ ಸಿಟ್ಟು ಹೊತ್ತಿದ್ದೆನಲ್ಲ ಎಂಬ ನಾಚಿಕೆಗಿಂತ, ಆ ಹೊರೆಯನ್ನು ಇಳಿಸಿದ ಹಗುರವೇ ಹೆಚ್ಚಾಗಿತ್ತು. ಕಾಲಿನ ಪಟ್ಟಿಯ ವಿಷಯಕ್ಕೆ ನಕ್ಕದ್ದನ್ನು ಮಾತ್ರ ಮರೆತಿಲ್ಲವೆಂದು ಅವನಿಗೆ ಅಲ್ಲಿಯೇ ತಿಳಿಸಿದೆ. ಅವನು ಮತ್ತೆ ನಕ್ಕ.

ಹಾಳೆಯನ್ನು ಬೇಡಿ ತೆಗೆದುಕೊಂಡು, ಸುರುಳಿ ಸುತ್ತಿ ದೇವದುರ್ಗಕ್ಕೆ ಒಯ್ದೆ. ಅವ್ವ ಹೊಸ್ತಿಲಿಗೆ ಬರುವ ಮೊದಲೇ ಅಂಗಳದಲ್ಲಿ ಅದನ್ನು ಹಾಸಿ, ಬಿಳಿಯದು ಯಾವುದು, ಕಂದು ಯಾವುದು, ಗಾಳಿ ಎತ್ತಣದ್ದು, ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಆಕೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಹಾಳೆಯ ಸುತ್ತ ಒಂದು ಸುತ್ತು ಬಂದು, ಬಾಗಿ, ಬಿಳಿ ತುಂಡುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದಳು.

“ಅಲ್ಲಪ್ಪಾ, ಹವಾ ಅದ ಅಂತ ನೀ ಬಾಯಲೆ ಹೇಳಿದ್ರ ಯಾರೂ ಕೇಳಲಿಲ್ಲ?”

“ನೀನೂ ಕೇಳಲಿಲ್ಲವ್ವಾ,” ಎಂದೆ.

ಆಕೆ ನನ್ನ ಚೀಲವನ್ನು ತೋಳುದ್ದ ದೂರದಿಂದಲೇ ಎತ್ತಿಕೊಂಡು, ಮುಖವನ್ನು ಆ ಕಡೆ ತಿರುಗಿಸಿಕೊಂಡೇ ಒಳಗೆ ನಡೆದಳು. “ರೊಟ್ಟಿ ಆರಾಕತ್ತಾವ. ಕಾಲು ತೊಳಕೊಂಡು ಬಾ,” ಎಂಬ ಮಾತು ಒಳಗಿನಿಂದ ಬಂತು. ಅಂದಿನಿಂದ ಆಕೆಗೆ ನೆಗಡಿ ಬರಲಿಲ್ಲ.